ವಿಕ್ಟೋರಿಯಾ ರಾಣಿಯ ಕಾಲದ ನಾಟಕಗಳು: ಪರವಾನಗಿ ಯಾರದು, ಕರ್ತೃ ಯಾರು? ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಇಂಗ್ಲಿಷ್ ನಾಟಕವೊಂದನ್ನು ಅನುವಾದಿಸಲು, ಆಡಲು ಅಥವಾ ಅದರ ಬಗ್ಗೆ ಬರೆಯಲು ಹೊರಟವರಿಗೆ ಮೊದಲ ವಾರದಲ್ಲೇ ತಲೆ ಕೆಡುತ್ತದೆ. ಒಂದೇ ನಾಟಕಕ್ಕೆ ಎರಡು ಹೆಸರು, ಎರಡು ಪಾಠ, ಅಂದರೆ ಬರಹದ ಎರಡು ರೂಪ. ಕೆಲವಕ್ಕೆ ಮೂವರು ಹಕ್ಕುದಾರರು, ಇನ್ನು ಕೆಲವಕ್ಕೆ ಒಬ್ಬರೂ ಇಲ್ಲ. ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ. ಪರವಾನಗಿಯ ದಾರಿ ಬೇರೆ, ಕರ್ತೃತ್ವದ ದಾರಿ ಬೇರೆ ಎಂಬುದು ಮನಸ್ಸಿನಲ್ಲಿದ್ದರೆ ಮುಂದಿನದು ಸುಲಭ.

ಇಂಗ್ಲೆಂಡಿನಲ್ಲಿ ನಾಟಕ ಆಡಲು ಪರವಾನಗಿ ಏಕೆ ಬೇಕಿತ್ತು?

1737ರಲ್ಲಿ ಪ್ರಧಾನಿ ರಾಬರ್ಟ್ ವಾಲ್ಪೋಲ್ ತನ್ನನ್ನು ರಂಗದ ಮೇಲೆ ಗೇಲಿ ಮಾಡುತ್ತಿದ್ದವರ ಬಾಯಿ ಮುಚ್ಚಿಸಲು ಒಂದು ಕಾಯ್ದೆ ತಂದ. ಅಂದಿನಿಂದ ಯಾವುದೇ ಹೊಸ ನಾಟಕವನ್ನು ಆಡುವ ಮುನ್ನ ಅದರ ಪ್ರತಿಯನ್ನು ಅರಮನೆಯ ಅಧಿಕಾರಿಯಾದ ಲಾರ್ಡ್ ಚೇಂಬರ್ಲಿನ್‌ಗೆ ಒಪ್ಪಿಸಬೇಕಾಯಿತು. 1837ರಲ್ಲಿ ವಿಕ್ಟೋರಿಯಾ ಪಟ್ಟಕ್ಕೆ ಬಂದಾಗಲೂ ಇದೇ ವ್ಯವಸ್ಥೆ ಇತ್ತು. 1843ರಲ್ಲಿ ಬಂದ ರಂಗಮಂದಿರ ಕಾಯ್ದೆ ಒಂದು ಹಳೆಯ ಅನ್ಯಾಯವನ್ನು ತೊಡೆದುಹಾಕಿತು. ಅಲ್ಲಿಯವರೆಗೆ ಲಂಡನ್ನಿನಲ್ಲಿ ಪೂರ್ಣ ಪ್ರಮಾಣದ ಮಾತಿನ ನಾಟಕ ಆಡುವ ಹಕ್ಕು ಡ್ರೂರಿ ಲೇನ್ ಮತ್ತು ಕೋವೆಂಟ್ ಗಾರ್ಡನ್‌ಗೆ, ಬೇಸಿಗೆಯಲ್ಲಿ ಹೇಮಾರ್ಕೆಟ್‌ಗೆ ಮಾತ್ರ ಇತ್ತು. ಮಿಕ್ಕ ಮಂದಿರಗಳು ನಡುನಡುವೆ ಹಾಡು ತುರುಕಿ, ಅದನ್ನು ‘ಬರ್ಲೆಟಾ’ ಎಂದು ಕರೆದು ಹೇಗೋ ದಿನ ದೂಡುತ್ತಿದ್ದವು. ಹೊಸ ಕಾಯ್ದೆ ಎಲ್ಲರಿಗೂ ಮಾತಿನ ನಾಟಕದ ಬಾಗಿಲು ತೆರೆಯಿತು. ಆದರೆ ಪ್ರತಿ ಒಪ್ಪಿಸುವ ಕಟ್ಟಳೆ ಸಡಿಲಾಗಲಿಲ್ಲ. ಅದು ತೊಲಗಿದ್ದು 1968ರಲ್ಲಿ.

ಪರವಾನಗಿ ಪಡೆಯುವುದು ಹೇಗಿತ್ತು?

ಮೊದಲ ಪ್ರದರ್ಶನಕ್ಕೆ ಕನಿಷ್ಠ ಏಳು ದಿನ ಮುಂಚೆ ಪ್ರತಿಯನ್ನು ಕಳುಹಿಸಬೇಕು. ಎಲ್ಲಿ, ಯಾವಾಗ ಆಡುತ್ತೇವೆ ಎಂಬ ಮಾಹಿತಿ ಜೊತೆಗಿರಬೇಕು. ಎರಡು ಗಿನಿಗೆ ಮೀರದ ಶುಲ್ಕ ಕಟ್ಟಬೇಕು. ಒಂದು ಗಿನಿ ಎಂದರೆ 21 ಷಿಲಿಂಗ್. ಪ್ರತಿಯನ್ನು ಲಾರ್ಡ್ ಚೇಂಬರ್ಲಿನ್ ತಾನೇ ಕುಳಿತು ಓದುತ್ತಿರಲಿಲ್ಲ. ಅದಕ್ಕೆಂದೇ ‘ನಾಟಕ ಪರೀಕ್ಷಕ’ ಎಂಬ ಹುದ್ದೆ ಇತ್ತು. ಜಾನ್ ಮಿಚೆಲ್ ಕೆಂಬಲ್ 1857ರವರೆಗೆ, ವಿಲಿಯಂ ಬೋಡಮ್ ಡಾನ್ 1874ರವರೆಗೆ, ಎಡ್ವರ್ಡ್ ಪಿಗಟ್ 1895ರವರೆಗೆ, ಆಮೇಲೆ ಜಾರ್ಜ್ ರೆಡ್‌ಫರ್ಡ್ ಆ ಕುರ್ಚಿಯಲ್ಲಿ ಕುಳಿತರು. ಪರವಾನಗಿ ಇಲ್ಲದೆ ಆಡಿದರೆ 50 ಪೌಂಡ್‌ವರೆಗೆ ದಂಡ. ಅದಕ್ಕಿಂತ ಹೆಚ್ಚಾಗಿ, ರಂಗಮಂದಿರದ ಪರವಾನಗಿಯೇ ರದ್ದಾಗುತ್ತಿತ್ತು. ಮಾಲೀಕರು ಹೆದರುತ್ತಿದ್ದದ್ದು ಈ ಎರಡನೆಯದಕ್ಕೆ.

ಹಳೆಯ ನಾಟಕಗಳಿಗೆ ಇದು ಅನ್ವಯಿಸುತ್ತಿರಲಿಲ್ಲ. ಶೇಕ್ಸ್‌ಪಿಯರ್‌ನನ್ನು ಆಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೆ ಹಳೆಯ ನಾಟಕಕ್ಕೆ ಹೊಸ ದೃಶ್ಯ ಸೇರಿಸಿದರೆ ಆ ದೃಶ್ಯವನ್ನು ಕಳುಹಿಸಲೇಬೇಕಿತ್ತು.

ಪರವಾನಗಿಗೆ ಹೋದ ಹಸ್ತಪ್ರತಿಯಲ್ಲಿ ನಾಟಕಕಾರನ ಹೆಸರೇ ಇಲ್ಲ. ಪುಟ ಕಳೆದುಹೋಗಿದೆಯೇ?

ಬಹುಮಟ್ಟಿಗೆ ಪುಟ ಕಳೆದುಹೋಗಿರುವುದಿಲ್ಲ, ಹೆಸರು ಮೊದಲಿನಿಂದಲೂ ಇರಲಿಲ್ಲ. ಕಾಯ್ದೆಯ ಪ್ರಕಾರ ಪ್ರತಿಯ ಜೊತೆಗಿನ ಮಾಹಿತಿಗೆ ಸಹಿ ಹಾಕಬೇಕಾದವನು ರಂಗಮಂದಿರದ ಮಾಲೀಕ ಅಥವಾ ವ್ಯವಸ್ಥಾಪಕ. ಬರೆದವನು ಯಾರೆಂದು ಕಾಯ್ದೆ ಕೇಳುವುದೇ ಇಲ್ಲ. ಮಾತಿನಲ್ಲಿ ತಪ್ಪು ಕಂಡರೆ ಯಾರನ್ನು ಹಿಡಿಯಬೇಕು ಎಂಬುದಷ್ಟೇ ಸರ್ಕಾರಕ್ಕೆ ಬೇಕಿತ್ತು, ಮತ್ತು ಹಿಡಿಯಲು ಸಿಗುವವನು ಮಂದಿರ ನಡೆಸುವವನೇ.

ಸಣ್ಣ ಮಂದಿರಗಳ ಬರಹಗಾರರ ಪಾಡನ್ನು ನೆನೆಸಿಕೊಂಡಾಗ ಈ ಖಾಲಿ ಜಾಗ ನನ್ನನ್ನು ನೋಯಿಸುತ್ತದೆ. ವಾರದ ಸಂಬಳಕ್ಕೆ ಬರೆಯುತ್ತಿದ್ದವರು ಅವರು. ತಾಲೀಮು ನಡೆಯುತ್ತಿರುವಾಗಲೇ ಮೂರನೆಯ ಅಂಕ ಮುಗಿಸಿಕೊಟ್ಟವರು. ಅವರ ಒಂದೊಂದು ಮಾತನ್ನೂ ಅರಮನೆಯವರು ಓದಿದ್ದಾರೆ, ತೂಗಿದ್ದಾರೆ, ಕೆಲವನ್ನು ಹೊಡೆದುಹಾಕಿದ್ದಾರೆ. ಹೆಸರನ್ನು ಮಾತ್ರ ಕೇಳಿಲ್ಲ. ಆದರೂ ಇನ್ನೊಂದು ಮಾತು ಹೇಳಲೇಬೇಕು. ಎಂದೂ ಅಚ್ಚಾಗದ ಸಾವಿರಾರು ನಾಟಕಗಳು ಇಂದು ಉಳಿದಿರುವುದು ಈ ಪರೀಕ್ಷಕರ ಕಚೇರಿಯ ಕಪಾಟಿನ ದಯೆಯಿಂದ. ಬಾಯಿ ಕಟ್ಟಲು ಮಾಡಿದ ಕಾಯ್ದೆಯೇ ಆ ಮಾತುಗಳನ್ನು ಕಾಪಿಟ್ಟಿತು.

ಹಾಗಾದರೆ ಕರ್ತೃವನ್ನು ಪತ್ತೆ ಮಾಡುವುದು ಹೇಗೆ?

ಮೊದಲು ಪರವಾನಗಿಯ ತಾರೀಖು ಮತ್ತು ಮಂದಿರದ ಹೆಸರನ್ನು ಗಟ್ಟಿ ಮಾಡಿಕೊಳ್ಳಿ. 1824ರಿಂದ 1968ರವರೆಗಿನ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಜೊತೆಗೆ ಯಾವ ನಾಟಕ ಯಾವ ದಿನ ಬಂತು, ಯಾವ ಮಂದಿರದಿಂದ ಬಂತು, ಪರೀಕ್ಷಕ ಏನೆಂದ ಎಂಬುದನ್ನು ಬರೆದಿಟ್ಟ ದಾಖಲೆ ಪುಸ್ತಕಗಳೂ ಇವೆ. 1824ಕ್ಕಿಂತ ಹಿಂದಿನವು ಪರೀಕ್ಷಕನಾಗಿದ್ದ ಜಾನ್ ಲಾರ್ಪೆಂಟ್‌ನ ಬಳಿ ಉಳಿದು, ಕೈಯಿಂದ ಕೈಗೆ ದಾಟಿ, ಈಗ ಅಮೆರಿಕದ ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಲೈಬ್ರರಿಯಲ್ಲಿವೆ.

ತಾರೀಖು ಸಿಕ್ಕ ಮೇಲೆ ಅದೇ ವಾರದ ಹ್ಯಾಂಡ್‌ಬಿಲ್ಲು ಮತ್ತು ಪತ್ರಿಕೆಗಳನ್ನು ನೋಡಿ. 1838ರಲ್ಲಿ ಶುರುವಾದ ‘ದಿ ಎರಾ’ ವಾರಪತ್ರಿಕೆ ರಂಗಭೂಮಿಯವರ ಮನೆಮಾತಾಗಿತ್ತು. ಊರೂರಿನ ಪ್ರದರ್ಶನಗಳ ಸುದ್ದಿ ಅದರಲ್ಲಿ ಸಿಗುತ್ತದೆ. ಆಮೇಲೆ ಅಚ್ಚಾದ ಆವೃತ್ತಿಗಳು: ಥಾಮಸ್ ಹೇಲ್ಸ್ ಲೇಸಿ ಹೊರತಂದ ರಂಗಪ್ರತಿಗಳ ಮಾಲೆ, ಅವನ ವ್ಯಾಪಾರವನ್ನು ಕೊಂಡ ಸ್ಯಾಮ್ಯುಯೆಲ್ ಫ್ರೆಂಚ್, ಅಗ್ಗದ ಬೆಲೆಯ ಜಾನ್ ಡಿಕ್ಸ್. ವಿದ್ವಾಂಸ ಅಲರ್ಡೈಸ್ ನಿಕಲ್ ಹತ್ತೊಂಬತ್ತನೆಯ ಶತಮಾನದ ನಾಟಕಗಳನ್ನೆಲ್ಲ ಪಟ್ಟಿ ಮಾಡಿದಾಗ ಕರ್ತೃ ತಿಳಿಯದವುಗಳಿಗೆ ಪ್ರತ್ಯೇಕ ವಿಭಾಗವನ್ನೇ ತೆರೆಯಬೇಕಾಯಿತು, ಅದೂ ಬಹಳ ಉದ್ದದ ವಿಭಾಗ.

ಒಂದು ಎಚ್ಚರಿಕೆ. ಪರವಾನಗಿಗೆ ಹೋದ ಹೆಸರೇ ಪ್ರದರ್ಶನಕ್ಕೂ ಉಳಿಯಿತು ಎಂದುಕೊಳ್ಳಬೇಡಿ. ‘ಅಥವಾ’ ಹಾಕಿ ಜೋಡಿ ಹೆಸರಿಡುವ ರೂಢಿ ಇದ್ದುದರಿಂದ ಪಟ್ಟಿಯಲ್ಲಿ ಮೊದಲ ಹೆಸರು, ಹ್ಯಾಂಡ್‌ಬಿಲ್ಲಿನಲ್ಲಿ ಎರಡನೆಯದು ಕಾಣುವುದುಂಟು. ಎರಡನ್ನೂ ಹುಡುಕಿ.

ಪರವಾನಗಿ ಪಡೆದ ಪಾಠವೇ ರಂಗದ ಮೇಲೆ ಕೇಳಿಸಿತು ಎನ್ನಬಹುದೇ?

ಖಂಡಿತ ಇಲ್ಲ. ಇದಕ್ಕೆ 1873ರ ‘ದಿ ಹ್ಯಾಪಿ ಲ್ಯಾಂಡ್’ ಪ್ರಕರಣಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ಲಂಡನ್ನಿನ ಕೋರ್ಟ್ ಥಿಯೇಟರಿನ ಒಡತಿ ಮೇರಿ ಲಿಟನ್ ಕಳುಹಿಸಿದ ಪ್ರತಿಗೆ ಪರವಾನಗಿ ಸಿಕ್ಕಿತು. ಓದಿದರೆ ಅದೊಂದು ನಿರುಪದ್ರವಿ ಅಣಕು ನಾಟಕ. ಮಾರ್ಚ್ 3ರಂದು ಪರದೆ ಎದ್ದಾಗ ಮೂವರು ನಟರು ಪ್ರಧಾನಿ ಗ್ಲಾಡ್‌ಸ್ಟನ್, ಹಣಕಾಸು ಮಂತ್ರಿ ಲೋ ಮತ್ತು ಸಚಿವ ಏರ್ಟನ್ ಅವರ ತದ್ರೂಪವಾಗಿ ಬಣ್ಣ ಹಚ್ಚಿಕೊಂಡು ಬಂದರು. ಪರೀಕ್ಷಕ ಓದದೇ ಇದ್ದ ಮಾತುಗಳೂ ಜೊತೆಗೆ ಸೇರಿಕೊಂಡಿದ್ದವು. ಮೂರೇ ದಿನದಲ್ಲಿ ಪರವಾನಗಿ ರದ್ದಾಯಿತು. ಲಿಟನ್ ಸುಮ್ಮನಿರಲಿಲ್ಲ, ನಾಟಕವನ್ನು ಅಚ್ಚು ಹಾಕಿಸಿ, ಪರವಾನಗಿ ಪ್ರತಿಯಲ್ಲಿ ಇಲ್ಲದ ಮಾತುಗಳನ್ನೆಲ್ಲ ದೊಡ್ಡಕ್ಷರದಲ್ಲಿ ಮುದ್ರಿಸಿದಳು. ಸರ್ಕಾರ ಯಾವುದಕ್ಕೆ ಸಿಟ್ಟಾಯಿತು ಎಂಬುದನ್ನು ಇಂದಿನ ಓದುಗ ಪುಟದ ಮೇಲೆ ಬೆರಳಿಟ್ಟು ತೋರಿಸಬಹುದು. ಅದರಲ್ಲಿ ಪಾತ್ರಗಳ ಹೆಸರು ಮಿಸ್ಟರ್ ಜಿ, ಮಿಸ್ಟರ್ ಎಲ್, ಮಿಸ್ಟರ್ ಎ. ಬಣ್ಣ, ವೇಷ ಬದಲಿಸಿ ನಾಟಕ ಮತ್ತೆ ಶುರುವಾದಾಗ ಈ ಗಲಾಟೆಯೇ ಅದಕ್ಕೆ ದೊಡ್ಡ ಜಾಹೀರಾತಾಗಿತ್ತು.

ಕರ್ತೃತ್ವದ ವಿಷಯದಲ್ಲೂ ಈ ನಾಟಕ ಪಾಠ ಹೇಳುತ್ತದೆ. ಮುಖಪುಟದಲ್ಲಿ ಎಫ್. ಟಾಮ್‌ಲೈನ್ ಮತ್ತು ಗಿಲ್ಬರ್ಟ್ ಎ ಬೆಕೆಟ್ ಎಂದಿದೆ. ಟಾಮ್‌ಲೈನ್ ಎಂಬ ಮನುಷ್ಯ ಇರಲೇ ಇಲ್ಲ. ಅದು ನಾಟಕಕಾರ ಡಬ್ಲ್ಯು. ಎಸ್. ಗಿಲ್ಬರ್ಟನ ಅಡಗುಹೆಸರು, ಮತ್ತು ಅವನು ಅಣಕಿಸುತ್ತಿದ್ದದ್ದು ಅದೇ ಹೊತ್ತಿಗೆ ಹೇಮಾರ್ಕೆಟ್‌ನಲ್ಲಿ ನಡೆಯುತ್ತಿದ್ದ ತನ್ನದೇ ನಾಟಕ ‘ದಿ ವಿಕೆಡ್ ವರ್ಲ್ಡ್’ ಅನ್ನು.

ಪರೀಕ್ಷಕರು ಯಾವುದನ್ನು ಹೊಡೆದುಹಾಕುತ್ತಿದ್ದರು?

ಬದುಕಿರುವ ರಾಜಕಾರಣಿಗಳ ಗೇಲಿ, ಬೈಬಲ್ಲಿನ ಪಾತ್ರಗಳು, ದೇವರ ಹೆಸರೆತ್ತಿ ಹಾಕುವ ಆಣೆ, ಗಂಡು ಹೆಣ್ಣಿನ ಸಂಬಂಧದ ನೇರ ಮಾತು. ಕಾಯ್ದೆ ಹೇಳಿದ್ದು ಸಭ್ಯತೆ, ಮರ್ಯಾದೆ ಮತ್ತು ಸಾರ್ವಜನಿಕ ಶಾಂತಿ ಎಂದು ಮಾತ್ರ. ಅಳತೆಗೋಲು ಪರೀಕ್ಷಕನ ಕೈಯಲ್ಲಿತ್ತು. ಕೆಲವು ತೀರ್ಪುಗಳಿಗೆ ತಲೆಬುಡ ಇರಲಿಲ್ಲ. ಫ್ರೆಂಚ್ ಬರಹಗಾರ ಕಿರಿಯ ಡ್ಯೂಮಾನ ‘ಕಮೀಲಿಯಾ ಹೂವಿನ ಹೆಣ್ಣು’ ನಾಟಕಕ್ಕೆ ಪರವಾನಗಿ ನಿರಾಕರಿಸಿದ ಕಚೇರಿಯೇ, ಅದೇ ಕಥೆಯ ಮೇಲೆ ವರ್ಡಿ ಕಟ್ಟಿದ ಗೀತನಾಟಕ ‘ಲಾ ಟ್ರಾವಿಯಾಟಾ’ 1856ರಲ್ಲಿ ಲಂಡನ್ನಿಗೆ ಬಂದಾಗ ಬೇಡವೆನ್ನಲಿಲ್ಲ. ಹಾಡಿದರೆ ಸರಿ, ಆಡಿದರೆ ತಪ್ಪು. ಕಳ್ಳ ಜ್ಯಾಕ್ ಶೆಪರ್ಡನ ಕಥೆಯನ್ನು ಯುವಕರು ಮುಗಿಬಿದ್ದು ನೋಡುತ್ತಿದ್ದ ದಿನಗಳಲ್ಲಿ, 1840ರಲ್ಲಿ, ಲಾರ್ಡ್ ವಿಲಿಯಂ ರಸೆಲ್‌ನನ್ನು ಅವನ ಸೇವಕನೇ ಕೊಂದ. ಆ ಕಥೆಯೇ ಪ್ರೇರಣೆ ಎಂಬ ಗುಲ್ಲೆದ್ದು, ಆ ಹೆಸರಿನ ಹೊಸ ನಾಟಕಗಳಿಗೆ ಎಷ್ಟೋ ವರ್ಷ ಪರವಾನಗಿ ಸಿಗಲಿಲ್ಲ.

1892ರಲ್ಲಿ ಫ್ರೆಂಚ್ ನಟಿ ಸಾರಾ ಬರ್ನಾರ್ಡ್ ಲಂಡನ್ನಿನಲ್ಲಿ ಆಸ್ಕರ್ ವೈಲ್ಡ್‌ನ ‘ಸಲೋಮೆ’ಯ ತಾಲೀಮಿಗೆ ಇಳಿದಿದ್ದಾಗ, ಬೈಬಲ್ ಪಾತ್ರಗಳಿವೆ ಎಂಬ ಕಾರಣಕ್ಕೆ ಪಿಗಟ್ ತಡೆದ. ವೈಲ್ಡ್ ಬದುಕಿರುವಾಗ ಆ ನಾಟಕ ಇಂಗ್ಲೆಂಡಿನಲ್ಲಿ ಬಹಿರಂಗವಾಗಿ ರಂಗಕ್ಕೆ ಬರಲೇ ಇಲ್ಲ. ಬರ್ನಾರ್ಡ್ ಷಾ 1893ರಲ್ಲಿ ಬರೆದ ‘ಮಿಸೆಸ್ ವಾರೆನ್ಸ್ ಪ್ರೊಫೆಷನ್’ ಪರವಾನಗಿಗಾಗಿ 1924ರವರೆಗೆ ಕಾಯಬೇಕಾಯಿತು. ಇಂಥ ನಾಟಕಗಳಿಗೆ ಉಳಿದ ದಾರಿ ಒಂದೇ: ಚಂದಾದಾರರಿಗೆ ಮಾತ್ರ ತೋರಿಸುವ ಖಾಸಗಿ ಕೂಟ. ಜೆ. ಟಿ. ಗ್ರೈನ್ ಕಟ್ಟಿದ ಇಂಡಿಪೆಂಡೆಂಟ್ ಥಿಯೇಟರ್ 1891ರಲ್ಲಿ ಇಬ್ಸನ್‌ನ ‘ಗೋಸ್ಟ್ಸ್’ ಆಡಿದ್ದು ಹೀಗೆ.

ಪರವಾನಗಿ ಸಿಕ್ಕರೆ ಹಕ್ಕುಸ್ವಾಮ್ಯವೂ ಸಿಕ್ಕ ಹಾಗೆಯೇ?

ಅಲ್ಲ. ಪರವಾನಗಿ ಎಂದರೆ ‘ಆಡಲು ಅಡ್ಡಿಯಿಲ್ಲ’ ಎಂಬ ಮಾತು. ನಾಟಕ ಯಾರ ಆಸ್ತಿ ಎಂಬುದನ್ನು ಬೇರೆ ಕಾಯ್ದೆಗಳು ನೋಡಿಕೊಳ್ಳುತ್ತಿದ್ದವು. 1833ರವರೆಗೆ ಅಚ್ಚಾದ ನಾಟಕವನ್ನು ಯಾರು ಬೇಕಾದರೂ ಆಡಬಹುದಿತ್ತು. ಬರೆದವನಿಗೆ ಬಿಡಿಗಾಸೂ ಸಿಗುತ್ತಿರಲಿಲ್ಲ. ಆ ವರ್ಷ ಕಾದಂಬರಿಕಾರ, ಸಂಸತ್ ಸದಸ್ಯ ಬುಲ್ವರ್ ಲಿಟನ್ ತಂದ ಕಾಯ್ದೆ ಮೊದಲ ಬಾರಿಗೆ ಪ್ರದರ್ಶನದ ಹಕ್ಕನ್ನು ನಾಟಕಕಾರನ ಕೈಗಿತ್ತಿತು. ಕದ್ದು ಆಡಿದರೆ ಪ್ರದರ್ಶನವೊಂದಕ್ಕೆ ಕನಿಷ್ಠ 40 ಷಿಲಿಂಗ್. ಅದೇ ವರ್ಷ ನಾಟಕಕಾರರು ಸಂಘ ಕಟ್ಟಿಕೊಂಡು ಊರೂರಿನ ಮಂದಿರಗಳಿಂದ ಶುಲ್ಕ ವಸೂಲಿಗೆ ನಿಂತರು. 1842ರ ಕಾಯ್ದೆ ಅವಧಿಯನ್ನು 42 ವರ್ಷ ಅಥವಾ ಕರ್ತೃವಿನ ಆಯುಷ್ಯದ ಮೇಲೆ 7 ವರ್ಷ, ಇವೆರಡರಲ್ಲಿ ಯಾವುದು ದೀರ್ಘವೋ ಅಷ್ಟಕ್ಕೆ ಏರಿಸಿತು.

ಇಲ್ಲಿ ಹಲವರು ಎಡವುವ ಜಾಗವೊಂದಿದೆ. ಅಚ್ಚಿನ ಹಕ್ಕು ಮತ್ತು ಆಡುವ ಹಕ್ಕು ಎರಡು ಬೇರೆ ಆಸ್ತಿಗಳು. ಪುಸ್ತಕದ ಹಕ್ಕನ್ನು ಪ್ರಕಾಶಕನಿಗೆ ಮಾರಿದ ಮಾತ್ರಕ್ಕೆ ಪ್ರದರ್ಶನದ ಹಕ್ಕು ಹೋಗುತ್ತಿರಲಿಲ್ಲ. ನೋಂದಣಿ ಪುಸ್ತಕದಲ್ಲಿ ಹಾಗೆಂದು ಬರೆಸಿರಬೇಕಿತ್ತು. ಆದ್ದರಿಂದ ಮುಖಪುಟದಲ್ಲಿರುವ ಪ್ರಕಾಶಕನೇ ನಾಟಕದ ಒಡೆಯ ಎಂದು ತೀರ್ಮಾನಿಸಬೇಡಿ.

ಕಾದಂಬರಿಯಿಂದ ಮಾಡಿದ ನಾಟಕಕ್ಕೆ ಕರ್ತೃ ಯಾರು?

ಕಾನೂನಿನ ಕಣ್ಣಿಗೆ, ನಾಟಕ ಮಾಡಿದವನು. ಕಾದಂಬರಿಕಾರ ಕೈಕಟ್ಟಿ ನೋಡಬೇಕಿತ್ತು. ಡಿಕನ್ಸ್‌ನ ‘ನಿಕೊಲಸ್ ನಿಕಲ್‌ಬಿ’ ಕಂತುಗಳಲ್ಲಿ ಬರುತ್ತಿದ್ದಾಗಲೇ, ಕಥೆ ಎಲ್ಲಿಗೆ ಹೋಗುತ್ತದೆಂದು ಓದುಗರಿಗೆ ಗೊತ್ತಾಗುವ ಮೊದಲೇ, 1838ರಲ್ಲಿ ಎಡ್ವರ್ಡ್ ಸ್ಟರ್ಲಿಂಗ್ ಅದನ್ನು ಅಡೆಲ್ಫಿ ಮಂದಿರದಲ್ಲಿ ಆಡಿಸಿ ಮುಗಿಸಿದ. ಡಿಕನ್ಸ್ ಅದೇ ಕಾದಂಬರಿಯ ಮುಂದಿನ ಕಂತೊಂದರಲ್ಲಿ, ಹೊರಬಂದ ಹಾಗೆಲ್ಲ 247 ಕಾದಂಬರಿಗಳನ್ನು ನಾಟಕ ಮಾಡಿದ ಮಹಾಶಯನೊಬ್ಬನನ್ನು ತಂದು ಸೇಡು ತೀರಿಸಿಕೊಂಡ.

ಚಾರ್ಲ್ಸ್ ರೀಡ್ ನ್ಯಾಯಾಲಯಕ್ಕೆ ಹೋದ. ಅವನ ‘ಇಟ್ ಈಸ್ ನೆವರ್ ಟೂ ಲೇಟ್ ಟು ಮೆಂಡ್’ ಕಾದಂಬರಿಯನ್ನು ಮಂದಿರವೊಂದರ ಒಡೆಯ ಕಾಂಕ್ವೆಸ್ಟ್ ಎಂಬಾತ ನಾಟಕ ಮಾಡಿ ಆಡಿಸಿದ್ದ. ಕಾದಂಬರಿಯನ್ನು ರಂಗದ ಮೇಲೆ ಆಡುವುದು ಕಳ್ಳತನವಲ್ಲ ಎಂದು 1861ರಲ್ಲಿ ತೀರ್ಪಾಯಿತು. ರೀಡ್ ಬಿಡಲಿಲ್ಲ. ಆ ಕಾದಂಬರಿಯನ್ನು ತಾನು ಮೊದಲೇ ಬರೆದಿದ್ದ ‘ಗೋಲ್ಡ್’ ಎಂಬ ನಾಟಕದಿಂದ ಬೆಳೆಸಿದ್ದೆ ಎಂದು ಎರಡನೆಯ ಸಲ ಹೂಡಿದ, 1862ರಲ್ಲಿ ಗೆದ್ದ. ನಾಟಕದ ಹಕ್ಕು ಅವನನ್ನು ಕಾಪಾಡಿತು, ಕಾದಂಬರಿಯ ಹಕ್ಕು ಕೈಕೊಟ್ಟಿತು.

1888ರಲ್ಲಿ ಪರವಾನಗಿಯ ಕಥೆಯೂ ಹಕ್ಕುಸ್ವಾಮ್ಯದ ಕಥೆಯೂ ಒಂದೇ ಮೇಜಿನ ಮೇಲೆ ಬಂದವು. ಸೀಬೋಮ್ ಎಂಬಾತ ಫ್ರಾನ್ಸೆಸ್ ಹಾಡ್ಜ್‌ಸನ್ ಬರ್ನೆಟ್‌ಳ ‘ಲಿಟಲ್ ಲಾರ್ಡ್ ಫಾಂಟ್ಲೆರಾಯ್’ ಅನ್ನು ನಾಟಕ ಮಾಡಿ, ನಾಲ್ಕು ಪ್ರತಿ ತೆಗೆಸಿದ್ದ. ಮೂರು ನಟರಿಗೆ, ಒಂದು ಲಾರ್ಡ್ ಚೇಂಬರ್ಲಿನ್‌ಗೆ. ಆಡುವುದನ್ನು ತಡೆಯಲು ಕಾನೂನಿರಲಿಲ್ಲ, ಆದರೆ ಕಾದಂಬರಿಯ ಮಾತುಗಳನ್ನು ಹಾಗೆಹಾಗೇ ಎತ್ತಿ ಪ್ರತಿ ಮಾಡುವುದು ತಪ್ಪೇ ಎಂದಿತು ನ್ಯಾಯಾಲಯ. ಪ್ರತಿ ಮಾಡದೆ ಪರವಾನಗಿ ಇಲ್ಲ, ಪರವಾನಗಿ ಇಲ್ಲದೆ ಪ್ರದರ್ಶನ ಇಲ್ಲ. ಐವತ್ತು ವರ್ಷ ಕಾದಂಬರಿಕಾರರಿಗೆ ಸಿಗದಿದ್ದ ಬೀಗದ ಕೈ ಆ ನಾಲ್ಕು ಪ್ರತಿಗಳಲ್ಲಿ ಸಿಕ್ಕಿತು. ಈ ತೀರ್ಪನ್ನು ಓದಿದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ಕಾದಂಬರಿಯನ್ನು ನಾಟಕ ಮಾಡುವ ಹಕ್ಕು ನೇರವಾಗಿ ಕಾದಂಬರಿಕಾರನದಾದದ್ದು 1911ರ ಕಾಯ್ದೆಯಲ್ಲಿ.

ಬ್ರಾಮ್ ಸ್ಟೋಕರ್ ‘ಡ್ರಾಕುಲಾ’ವನ್ನು ನಾಟಕವಾಗಿಯೂ ಬರೆದನೇ?

ಬರೆದ ಎನ್ನುವುದಕ್ಕಿಂತ ಅಂಟಿಸಿದ ಎನ್ನುವುದು ಸರಿ. ಕಾದಂಬರಿ ಅಂಗಡಿಗೆ ಬಂದದ್ದು 1897ರ ಮೇ 26ರಂದು. ಅದಕ್ಕೆ ಎಂಟು ದಿನ ಮುಂಚೆ, ಮೇ 18ರ ಬೆಳಗ್ಗೆ, ಅವನು ವ್ಯವಸ್ಥಾಪಕನಾಗಿದ್ದ ಲೈಸಿಯಂ ಮಂದಿರದಲ್ಲಿ ನಾಟಕರೂಪದ ವಾಚನ ನಡೆಯಿತು. ರಂಗದ ಹಕ್ಕು ಬೇರೆಯವರ ಪಾಲಾಗದಿರಲೆಂದು ಪುಸ್ತಕಕ್ಕೆ ಮೊದಲೇ ಹೀಗೆ ಆಡಿ ಮುಗಿಸುವುದು ಆಗ ರೂಢಿಯಲ್ಲಿತ್ತು. ಬಹಿರಂಗ ಪ್ರದರ್ಶನವಾದ್ದರಿಂದ ಪರವಾನಗಿ ಬೇಕು, ಪರವಾನಗಿಗೆ ಪ್ರತಿ ಬೇಕು. ಸ್ಟೋಕರ್ ಕಾದಂಬರಿಯ ಕರಡಚ್ಚಿನ ಹಾಳೆಗಳನ್ನು ಕತ್ತರಿಸಿ, ಸಂಭಾಷಣೆಯ ತುಂಡುಗಳನ್ನು ಹಾಳೆಗೆ ಅಂಟಿಸಿ, ನಡುವಿನ ಕೊಂಡಿಗಳನ್ನು ಕೈಯಲ್ಲಿ ಬರೆದು ಕಳುಹಿಸಿದ. ಅಚ್ಚಿನ ತುಂಡು, ಕೈಬರಹ, ಮತ್ತೆ ಅಚ್ಚಿನ ತುಂಡು: ಆ ಪ್ರತಿ ಇಂದಿಗೂ ಬ್ರಿಟಿಷ್ ಲೈಬ್ರರಿಯಲ್ಲಿದೆ. ಇಲ್ಲಿ ಕರ್ತೃ ಯಾರೆಂಬ ಬಗ್ಗೆ ಅನುಮಾನಕ್ಕೆ ಎಡೆಯೇ ಇಲ್ಲ.

ಅಮೆರಿಕದಲ್ಲಿ ಮೊದಲು ಆಡಿದರೆ ಏನಾಗುತ್ತಿತ್ತು?

ಇಂಗ್ಲೆಂಡಿನಲ್ಲಿ ಹಕ್ಕು ಹೋಗುತ್ತಿತ್ತು. ನಾಟಕಕಾರ ಡಯನ್ ಬೂಸಿಕಾಲ್ಟ್ 1860ರಲ್ಲಿ ‘ದಿ ಕಾಲೀನ್ ಬಾನ್’ ಅನ್ನು ನ್ಯೂಯಾರ್ಕಿನಲ್ಲಿ ಮೊದಲು ಆಡಿಸಿ, ಆಮೇಲೆ ಲಂಡನ್ನಿನ ನ್ಯಾಯಾಲಯದಲ್ಲಿ ಸೋತ. ಗಿಲ್ಬರ್ಟ್ ಮತ್ತು ಅವನ ನಾಟಕಗಳಿಗೆ ಸಂಗೀತ ಕಟ್ಟುತ್ತಿದ್ದ ಸಲಿವನ್ ಬುದ್ಧಿ ಕಲಿತಿದ್ದರು. ಅವರ ಹಿಂದಿನ ‘ಎಚ್.ಎಂ.ಎಸ್. ಪಿನಾಫೋರ್’ ಅನ್ನು ಅಮೆರಿಕದ ಕಂಪನಿಗಳು ಕಾಸು ಕೊಡದೆ ಆಡಿದ್ದವು. ಆದ್ದರಿಂದ ಹೊಸ ನಾಟಕವನ್ನು ತಾವೇ ನ್ಯೂಯಾರ್ಕಿನಲ್ಲಿ ಆಡಿಸಲು ಹೊರಟರು. ಇಂಗ್ಲೆಂಡಿನ ಹಕ್ಕೂ ಉಳಿಯಲೆಂದು ‘ದಿ ಪೈರೇಟ್ಸ್ ಆಫ್ ಪೆನ್ಜಾನ್ಸ್’ ಮೊದಲು 1879ರ ಡಿಸೆಂಬರ್ 30ರಂದು ಇಂಗ್ಲೆಂಡಿನ ಪೇಂಟನ್ ಎಂಬ ಪುಟ್ಟ ಊರಿನಲ್ಲಿ, ನಟರು ಕೈಯಲ್ಲಿ ಹಾಳೆ ಹಿಡಿದು, ‘ಪಿನಾಫೋರ್’ನ ಉಡುಪಿನಲ್ಲೇ ಒಮ್ಮೆ ನಡೆಯಿತು. ಮರುದಿನ ನ್ಯೂಯಾರ್ಕಿನಲ್ಲಿ ನಿಜವಾದ ಮೊದಲ ಪ್ರದರ್ಶನ.

‘ಹೊಸ ನಾಟಕ’ ಎಂದು ಹ್ಯಾಂಡ್‌ಬಿಲ್ಲಿನಲ್ಲಿದೆ, ಫ್ರೆಂಚ್ ಮೂಲವೂ ಇದೆ. ಇದು ಕಳ್ಳತನವೇ?

ಇಂದಿನ ಕಣ್ಣಿಗೆ ಹೌದು, ಅಂದಿನ ಕಾನೂನಿಗೆ ಹಲವು ಸಲ ಅಲ್ಲ. ಫ್ರಾನ್ಸಿನೊಡನೆ ಒಪ್ಪಂದವಾದ ಮೇಲೆ ಬಂದ 1852ರ ಕಾಯ್ದೆ ಅನುವಾದಕ್ಕೆ ರಕ್ಷಣೆ ಕೊಟ್ಟರೂ, ಇಂಗ್ಲಿಷ್ ರಂಗಕ್ಕೆ ‘ನ್ಯಾಯವಾದ’ ರೂಪಾಂತರ ಮಾಡಿಕೊಳ್ಳಲು ಕಿಂಡಿ ಬಿಟ್ಟಿತ್ತು. 1875ರವರೆಗೂ ಆ ಕಿಂಡಿಯಲ್ಲಿ ನೂರಾರು ನಾಟಕಗಳು ನುಸುಳಿದವು. ಟಾಮ್ ಟೇಲರ್‌ನ ‘ದಿ ಟಿಕೆಟ್ ಆಫ್ ಲೀವ್ ಮ್ಯಾನ್’ 1863ರ ದೊಡ್ಡ ಯಶಸ್ಸು. ಅದರ ಮೂಲ ಬ್ರಿಸ್‌ಬಾರ್ ಮತ್ತು ನ್ಯೂಸ್ ಬರೆದ ‘ಲೆಯೊನಾರ್’. ನೀವು ಬರೆಯುವಾಗ ಮೂವರ ಹೆಸರನ್ನೂ ಹಾಕಿ. ಅಂದಿನವರು ಬಿಟ್ಟರೆಂದು ನಾವೂ ಬಿಡುವುದು ಸರಿಯಲ್ಲ.

ಮಂದಿರದ ಮಾಲೀಕ ಬರೆಸಿದ ನಾಟಕ ಮಾಲೀಕನದೇ ಅಲ್ಲವೇ?

ಮಾಲೀಕರೂ ಹಾಗೆಯೇ ವಾದಿಸಿದರು. ಸರ್ರೆ ಮಂದಿರದವರು ಕೋರ್ಟ್ನಿ ಎಂಬ ಬರಹಗಾರನಿಗೆ ಸಂಬಳ, ಪ್ರಯಾಣದ ಖರ್ಚು ಕೊಟ್ಟು, ಪ್ಯಾರಿಸ್ಸಿಗೆ ಹೋಗಿ ಅಲ್ಲಿ ಓಡುತ್ತಿದ್ದ ನಾಟಕವೊಂದನ್ನು ಇಂಗ್ಲಿಷಿಗೆ ಇಳಿಸಿಕೊಂಡು ಬಾ ಎಂದು ಕಳುಹಿಸಿದ್ದರು. ಬರಹದ ಒಪ್ಪಂದವಿಲ್ಲದೆ ಹಕ್ಕು ಮಾಲೀಕನಿಗೆ ಸೇರದು ಎಂದು 1856ರಲ್ಲಿ ತೀರ್ಪು ಬಂತು. 1871ರಲ್ಲಿ ಇನ್ನೊಂದು ಪ್ರಕರಣ. ವಿಲ್ಕ್ಸ್ ಎಂಬಾತ ಬರೆದುಕೊಟ್ಟ ‘ದಿ ಕಿಂಗ್ಸ್ ವೇಜರ್’ ನಾಟಕಕ್ಕೆ ಮಾಲೀಕ ಲೆವಿ ಒಂದು ದೃಶ್ಯ ಸೇರಿಸಿ, ಅಲ್ಲಲ್ಲಿ ತಿದ್ದಿ, ತಾನೂ ಸಹಕರ್ತೃ ಎಂದ. ಇಬ್ಬರೂ ಮೊದಲಿನಿಂದ ಒಂದೇ ಯೋಜನೆಯಲ್ಲಿ ಸೇರಿ ದುಡಿದಿರಬೇಕು, ಆಮೇಲೆ ಸೇರಿಸಿದ ದೃಶ್ಯ ಸಹಕರ್ತೃತ್ವ ಕೊಡದು ಎಂದರು ನ್ಯಾಯಾಧೀಶರು. ತಾಲೀಮಿನಲ್ಲಿ ನಾಲ್ಕು ಸಾಲು ತಿದ್ದಿದವರೆಲ್ಲ ತಾವೂ ಬರೆದೆವೆನ್ನುವ ನಮ್ಮ ತಂಡಗಳಲ್ಲಿ ಈ ತೀರ್ಪನ್ನು ಒಮ್ಮೆ ಗಟ್ಟಿಯಾಗಿ ಓದಿ ಹೇಳಬೇಕು.

ಮಹಿಳೆಯರು ಬರೆಯುತ್ತಿದ್ದರೇ?

ಬರೆಯುತ್ತಿದ್ದರು, ಹೆಸರು ಮರೆಯಲ್ಲಿರುತ್ತಿತ್ತು. 1893ರಲ್ಲಿ ಇಂಡಿಪೆಂಡೆಂಟ್ ಥಿಯೇಟರ್ ಆಡಿದ ಎರಡು ನಾಟಕಗಳನ್ನೇ ನೋಡಿ. ‘ಎ ಕ್ವೆಶ್ಚನ್ ಆಫ್ ಮೆಮೊರಿ’ಯ ಮೈಕೆಲ್ ಫೀಲ್ಡ್ ಗಂಡಸಲ್ಲ, ಒಬ್ಬರೂ ಅಲ್ಲ: ಕ್ಯಾಥರೀನ್ ಬ್ರ್ಯಾಡ್ಲಿ ಮತ್ತು ಅವರ ಅಕ್ಕನ ಮಗಳು ಎಡಿತ್ ಕೂಪರ್. ‘ಅಲನ್ಸ್ ವೈಫ್’ ಕರ್ತೃವಿನ ಹೆಸರೇ ಇಲ್ಲದೆ ರಂಗಕ್ಕೂ ಅಚ್ಚಿಗೂ ಹೋಯಿತು. ಬರೆದವರು ಫ್ಲಾರೆನ್ಸ್ ಬೆಲ್ ಮತ್ತು ಎಲಿಜಬೆತ್ ರಾಬಿನ್ಸ್. ಮುಖ್ಯ ಪಾತ್ರದಲ್ಲಿ ನಿಂತಿದ್ದ ನಟಿಯೇ ರಾಬಿನ್ಸ್.

ಭಾರತದಲ್ಲೂ ಇದೇ ಕಾಯ್ದೆ ಇತ್ತೇ?

ಇಲ್ಲ. ಇಲ್ಲಿಗೆ ಬಂದದ್ದು 1876ರ ನಾಟಕ ಪ್ರದರ್ಶನ ಕಾಯ್ದೆ. ನೀಲಿ ತೋಟಗಳ ದೊರೆಗಳನ್ನು ಬಯಲಿಗೆಳೆದ ದೀನಬಂಧು ಮಿತ್ರರ ‘ನೀಲ್ ದರ್ಪಣ್’ನಂಥ ನಾಟಕಗಳು, ವೇಲ್ಸ್ ರಾಜಕುಮಾರನ ಭೇಟಿಯ ನಂತರ ಕಲ್ಕತ್ತೆಯಲ್ಲಿ ಆಡಿದ ಅಣಕುಗಳು ಅದಕ್ಕೆ ಕಾರಣ. ಅಲ್ಲಿನ ಹಾಗೆ ಮೊದಲೇ ಓದಿ ಅಪ್ಪಣೆ ಕೊಡುವುದಕ್ಕಿಂತ, ಕಂಡು ನಿಷೇಧಿಸುವ ಅಧಿಕಾರ ಇದರ ಮುಖ್ಯ ಅಸ್ತ್ರವಾಗಿತ್ತು.

ಈಗ ಈ ನಾಟಕಗಳನ್ನು ಕನ್ನಡಕ್ಕೆ ತಂದು ಆಡಲು ಯಾರ ಅನುಮತಿ ಬೇಕು?

ಭಾರತದಲ್ಲಿ ಹಕ್ಕುಸ್ವಾಮ್ಯ ಕರ್ತೃವಿನ ಮರಣದ ನಂತರ 60 ವರ್ಷ. ಬೂಸಿಕಾಲ್ಟ್ 1890ರಲ್ಲಿ, ವೈಲ್ಡ್ 1900ರಲ್ಲಿ, ಗಿಲ್ಬರ್ಟ್ 1911ರಲ್ಲಿ ತೀರಿಕೊಂಡರು. ಅವರ ಕೃತಿಗಳು ಎಂದೋ ಮುಕ್ತ. 1950ರಲ್ಲಿ ತೀರಿಕೊಂಡ ಷಾ ಕೂಡ 2011ರಿಂದ ಇಲ್ಲಿ ಮುಕ್ತ. ಎಲಿಜಬೆತ್ ರಾಬಿನ್ಸ್ 1952ರವರೆಗೆ ಬದುಕಿದ್ದರು, ಆದ್ದರಿಂದ ‘ಅಲನ್ಸ್ ವೈಫ್’ನಂಥ ಜೋಡಿ ಕರ್ತೃಗಳ ಕೃತಿಯಲ್ಲಿ ಕೊನೆಗೆ ತೀರಿಕೊಂಡವರ ವರ್ಷದಿಂದ ಲೆಕ್ಕ ಹಾಕಿ. ಈಗಾಗಲೇ ಇರುವ ಕನ್ನಡ ಅನುವಾದವನ್ನು ಬಳಸುವುದಾದರೆ ಆ ಅನುವಾದಕರ ಅಥವಾ ಅವರ ಮನೆಯವರ ಅನುಮತಿ ಬೇಕೇ ಬೇಕು. ಮೂಲ ಮುಕ್ತವಾದ ಮಾತ್ರಕ್ಕೆ ಅನುವಾದ ಮುಕ್ತವಾಗದು. ಇತ್ತೀಚಿನ ಸಂಪಾದಿತ ಆವೃತ್ತಿಯ ಟಿಪ್ಪಣಿ, ಮುನ್ನುಡಿಗಳೂ ಹಾಗೆಯೇ.

ಕರಪತ್ರ ಅಚ್ಚಿಗೆ ಕೊಡುವಾಗ ಮೂಲ ಕರ್ತೃ, ಫ್ರೆಂಚ್ ಮೂಲವಿದ್ದರೆ ಅದರ ಕರ್ತೃ, ಕನ್ನಡಕ್ಕೆ ತಂದವರು, ಮೂರು ಸಾಲುಗಳಿಗೂ ಜಾಗ ಬಿಡಿ. ಹೆಸರು ಎಷ್ಟು ಹುಡುಕಿದರೂ ಸಿಗದಿದ್ದರೆ ‘ಕರ್ತೃ ಅಜ್ಞಾತ’ ಎಂದು ಹಾಕಿ, ಕೆಳಗೆ ಮೊದಲು ಆಡಿದ ಮಂದಿರ ಮತ್ತು ಪರವಾನಗಿಯ ವರ್ಷವನ್ನು ಬರೆಯಿರಿ. ಮುಂದೆ ಯಾರಾದರೂ ಹುಡುಕಲು ಹೊರಟರೆ ಅವರಿಗೆ ಅಲ್ಲಿಂದ ದಾರಿ ಸಿಗುತ್ತದೆ.